ಉಪವಾಸ ಕುಂತ ಹಣಮಪ್ಪ

ಮಂಗಗಳಿಗೆ ಹಸಿವೆಂಬುದೇ ಇಲ್ಲದಿದ್ದರೆ ಊರು ಎಷ್ಟು ತಣ್ಣಗಿರುತ್ತಿತ್ತು ಎಂದು ಮುತ್ತಲಗೇರಿಯಲ್ಲಿ ಮೊದಲು ಅಂದವಳು ಫಕೀರವ್ವ. ವಿಜ್ಞಾನಿಗಳು ಬಂದದ್ದು ಆಮೇಲೆ.

ಅವಳು ಹಾಗಂದದ್ದಕ್ಕೆ ಕಾರಣವಿತ್ತು. ಊರ ಹೊರಗೆ ಹಣಮಪ್ಪನ ಗುಡಿ, ಗುಡಿಯ ಬೆನ್ನಿಗೇ ಅವಳ ಪೇರಲ ತೋಟ. ಗುಡಿಯ ಆಲದ ಮರದಲ್ಲಿ ಮಂಗಗಳ ದೊಡ್ಡ ಸಂಸಾರ. ಕಾಯಿಗೆ ಇನ್ನೇನು ಬಣ್ಣ ಬಂತು ಎನ್ನುವಾಗ ಇಡೀ ಹಿಂಡು ಬೇಲಿ ಹಾರಿ ಬರುತ್ತಿತ್ತು. ತಿಂದರೆ ತಿನ್ನಲಿ ಬಿಡು ಅನ್ನಬಹುದಿತ್ತು. ಅವು ಒಂದು ಕಚ್ಚು ಕಚ್ಚಿ ಬಿಸಾಡುವುದು, ಇನ್ನೊಂದು ಕೀಳುವುದು, ಹೂವು ಮಿಡಿ ಟೊಂಗೆ ಎಲ್ಲ ಮುರಿದು ಹಾಕಿ ಹೋಗುವುದು. ಗಂಡ ಮೈಲಾರಪ್ಪ ಕವಣೆ ಬೀಸಿ ಬೀಸಿ ರಟ್ಟೆ ನೋಯಿಸಿಕೊಂಡ. ಪಟಾಕಿ ಹಾರಿಸಿದರು. ನಾಯಿಗೆ ಹುಲಿಪಟ್ಟೆ ಬಳಿದು ತೋಟದಲ್ಲಿ ಕಟ್ಟಿದರು. ವಾರ ಕಳೆಯುವಷ್ಟರಲ್ಲಿ ಮಂಗವೊಂದು ಅದೇ ನಾಯಿಯ ಬೆನ್ನ ಮೇಲೆ ಕೂತು ಹೇನು ನೋಡುತ್ತಿತ್ತು. ಒಮ್ಮೆ ಬೋನಿಟ್ಟು ಹಿಡಿಸಿ ಟ್ರ್ಯಾಕ್ಟರಿನಲ್ಲಿ ಕಪ್ಪತಗುಡ್ಡಕ್ಕೆ ಬಿಟ್ಟು ಬಂದರು. ತಿರುಗಿ ಬರುವಷ್ಟರಲ್ಲಿ ಪಕ್ಕದ ಊರಿನವರು ತಮ್ಮ ಮಂಗಗಳನ್ನು ತಂದು ಇವರ ಆಲದ ಮರದ ಬುಡದಲ್ಲಿ ಬಿಟ್ಟು ಹೋಗಿದ್ದರು.

ಕೊಲ್ಲುವ ಮಾತನ್ನು ಮಾತ್ರ ಯಾರೂ ಆಡುವಂತಿರಲಿಲ್ಲ. ಮುತ್ತಲಗೇರಿಯಲ್ಲಿ ಮಂಗವೊಂದು ಕರೆಂಟಿನ ತಂತಿಗೆ ಸಿಕ್ಕಿ ಸತ್ತರೆ ಊರಗೌಡ ಸತ್ತಾಗಿನದಕ್ಕಿಂತ ಹೆಚ್ಚು ಮಂದಿ ಸೇರುತ್ತಾರೆ. ಅದನ್ನು ಕುರ್ಚಿಯಲ್ಲಿ ಕೂರಿಸಿ, ಕೇಸರಿ ಶಾಲು ಹೊದಿಸಿ, ಭಜನೆ ಹಾಡುತ್ತ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ. ಗಂಡಸರು ತಲೆ ಬೋಳಿಸಿಕೊಳ್ಳುವುದೂ ಉಂಟು. ಅಂಥ ಊರಲ್ಲಿ ಮಂಗನಿಗೆ ವಿಷ ಹಾಕಿದವಳು ಬಾಳುವೆ ಮಾಡುವುದು ಸಾಧ್ಯವಿರಲಿಲ್ಲ.

ಮನೆಯಲ್ಲೂ ಅವಳಿಗೊಂದು ಮರಿ ಮಂಗವಿತ್ತು. ಮಗಳು ಶಿವಲೀಲಾ, ಕರೆಯುವುದು ಲೀಲಿ. ಆಗಷ್ಟೇ ಶಾಲೆಗೆ ಸೇರಿದ್ದ ಈ ಹುಡುಗಿಯ ಹೊಟ್ಟೆ ಯಾವ ದೇವರು ಮಾಡಿದ್ದೋ ತಿಳಿಯದು. ರೊಟ್ಟಿ ತಟ್ಟುವ ಸಪ್ಪಳಕ್ಕೇ ಎದ್ದು ಬರುತ್ತಿದ್ದಳು. ಉಂಡು ಕೈ ತೊಳೆದು ಅಂಗಳ ದಾಟುವಷ್ಟರಲ್ಲಿ, "ಯವ್ವಾ, ಹೊಟ್ಟಿ ಹಸದೈತಿ" ಎಂದು ಮತ್ತೆ ಸೆರಗು ಹಿಡಿಯುತ್ತಿದ್ದಳು. ಶೇಂಗಾ ಹಿಂಡಿ, ಬೆಲ್ಲ, ಹಸಿ ಬದನೆಕಾಯಿ, ಏನು ಸಿಕ್ಕರೂ ಸೈ.

"ಬೆಂಕಿ ಹಚ್ಚಲಿ ನಿನ್ನ ಹಸಿವಿಗಿ! ಹೊರಗ ಅವು, ಒಳಗ ನೀ. ನಾ ಯಾರ್ಯಾರಿಗಂತ ಸಾಯಲಿ?" ಎಂದು ಬೈದು, ಬೈಯುತ್ತಲೇ ಇನ್ನೊಂದು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು ಫಕೀರವ್ವ. ಆ ಹುಡುಗಿ ತಿನ್ನುವುದನ್ನು ನೋಡುತ್ತ ಕೂರುವುದು ಅವಳಿಗೆ ಇದ್ದ ಒಂದೇ ಒಂದು ಸುಖ. ಅದನ್ನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಧಾರವಾಡದ ಕಡೆಯ ಪ್ರಯೋಗಾಲಯದ ಜೀಪು ಬಂದದ್ದು ಅಂಥ ದಿನಗಳಲ್ಲಿ. ಡಾಕ್ಟರ್ ಮಾಧುರಿ ಬೆಣಗಿ ಎಂಬಾಕೆ ಮಂಗಗಳ ಕಾಟ ತಪ್ಪಿಸುವ ಹೊಸ ದಾರಿಯೊಂದನ್ನು ಕಂಡುಹಿಡಿದಿದ್ದರು. ಪರೀಕ್ಷೆಗೆ ಒಂದು ತೋಟ ಬೇಕಿತ್ತು. ಫಕೀರವ್ವ ಮರುದಿನವೇ ಅದೇ ಜೀಪು ಹತ್ತಿ ಪ್ರಯೋಗಾಲಯ ನೋಡಲು ಹೋದಳು.

ಅಲ್ಲಿ ದೊಡ್ಡ ಪಂಜರದೊಳಗೆ ಬಾಳೆಹಣ್ಣಿನ ರಾಶಿ, ರಾಶಿಯ ಸುತ್ತ ಮಂಗಗಳು. ಒಂದೂ ಹಣ್ಣಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ಮಠದ ಜಗಲಿಯಲ್ಲಿ ಕೂತ ಮುದುಕರ ಹಾಗೆ ಕೈ ಮಡಿಲಲ್ಲಿಟ್ಟು ಕೂತಿದ್ದವು. ಸ್ವಲ್ಪ ಹೊತ್ತಿಗೆ ಕೆಲಸದವನೊಬ್ಬ ಗಂಟೆ ಬಾರಿಸಿದ. ಎಲ್ಲವೂ ಎದ್ದು ಒಂದೊಂದು ಹಣ್ಣು ತಿಂದು, ಮತ್ತೆ ಹೋಗಿ ಕೂತವು.

"ಇದು ವಿಷ ಅಲ್ರಿ ಫಕೀರವ್ವಾರ," ಎಂದರು ಡಾಕ್ಟರು. "ನಮ್ಮ ಹೊಟ್ಟಿ ಖಾಲಿ ಆದಾಗ ಅದು ಮಿದುಳಿಗೆ ಒಂದು ಸುದ್ದಿ ಕಳಸತೈತಿ, ಹಸದೈತಿ ಅಂತ. ನಾವು ಮಾಡಿದ ಸೂಕ್ಷ್ಮಜೀವಿ ಕರುಳಿನಾಗ ಕುಂತು ಆ ಸುದ್ದೀನ ನುಂಗಿಬಿಡತೈತಿ. ಮಂಗ್ಯಾಗ ಸದಾ ಹೊಟ್ಟಿ ತುಂಬಿದಂಗ ಇರತೈತಿ. ಚೂರು ಪಾರು ತಿಂದು ಅದರ ಪಾಡಿಗೆ ಅದು ಇರತೈತಿ. ಇದಕ್ಕ ನಾವು ತೃಪ್ತಿ ಅಂತ ಹೆಸರಿಟ್ಟೇವಿ."

"ಎಲ್ಲಾವಕ್ಕೂ ಹೆಂಗ ಹಾಕೂದ್ರಿ? ಕೈಗೆ ಸಿಗಬೇಕಲ್ಲ?"

"ಒಂದೆರಡಕ್ಕ ಹಾಕಿದ್ರ ಸಾಕು. ಉಗುಳಿನಾಗ ದಾಟತೈತಿ. ಒಂದರ ಬಾಯಾಗಿಂದ ಇನ್ನೊಂದು ಕಸಗೊಂಡು ತಿಂತಾವಲ್ಲ, ಹಂಗ ಹಿಂಡಿಗೆಲ್ಲಾ ಹಬ್ಬತೈತಿ."

ಫಕೀರವ್ವನಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಲೀಲಿಗೂ ಒಂದೀಟು ಕೊಡ್ರಿ ಬಾಯಾರ, ಪುಣ್ಯಾ ಬರತೈತಿ!" ಎಂದಳು. ಡಾಕ್ಟರೂ ನಕ್ಕರು. ನಕ್ಕು ಮುಗಿದ ಮೇಲೆ ಕೇಳಿದರು: "ಒಂದು ಮಾತು ಖರೇ ಹೇಳ್ರಿ. ಮಂಗ್ಯಾ ಕಚ್ಚಿದ್ದು, ಅದರ ಎಂಜಲಾ, ನಿಮ್ಮೂರಾಗ ಯಾರರ ತಿಂತಾರೇನು?"

"ಥೂ, ಬಿಡ್ರಿ ಬಾಯಾರ! ಮಂಗ್ಯಾ ಕಚ್ಚಿದ ಹಣ್ಣ ನಾವು ಕಾಲಲೇ ಸೈತ ಮುಟ್ಟಂಗಿಲ್ಲ. ಎಂಜಲಾ ತಿನ್ನಾಕ ನಾವೇನ ನಾಯೇನ್ರಿ?"

ಅವಳು ಸುಳ್ಳು ಹೇಳಲಿಲ್ಲ. ತನಗೆ ತಿಳಿದಷ್ಟನ್ನು ತಿಳಿದ ಹಾಗೆ ಹೇಳಿದಳು. ಡಾಕ್ಟರಿಗೂ ಅಷ್ಟು ಸಾಕಾಯಿತು. ಹೊರಡುವಾಗ ಒಂದೇ ಒಂದು ಷರತ್ತು ಹಾಕಿದರು: ಮಂಗಗಳು ಬಡವಾದರೆ, ಒಂದಾದರೂ ಸತ್ತರೆ, ಕೂಡಲೇ ಫೋನ್ ಮಾಡಬೇಕು.

ಔಷಧಿ ಹಚ್ಚಿದ ಬಾಳೆಹಣ್ಣನ್ನು ಬೇಲಿಯ ಮೇಲಿಟ್ಟು ಹೋದರು. ಆ ವಾರ ತೋಟಕ್ಕೆ ಅರ್ಧ ಹಿಂಡು ಬಂತು. ಮುಂದಿನ ವಾರ ನಾಲ್ಕಾರು ಬಂದವು. ಆಮೇಲೆ ಬರಲೇ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ ಕೆಲಸವಾಗಿತ್ತು. ಪೇರಲ ಟೊಂಗೆ ಜಗ್ಗುವಂತೆ ಹಣ್ಣಾಯಿತು. ಮೈಲಾರಪ್ಪ ಕವಣೆಯನ್ನು ಗೂಟಕ್ಕೆ ನೇತುಹಾಕಿ, ಎಷ್ಟೋ ವರ್ಷಗಳ ಮೇಲೆ ಮಧ್ಯಾಹ್ನ ಕಾಲು ಚಾಚಿ ಮಲಗಿದ.

ಮಂಗಗಳು ಗುಡಿಯ ಕಟ್ಟೆಯ ಮೇಲೆ ಸಾಲಾಗಿ ಕೂತವು. ಹಾರಾಟವಿಲ್ಲ, ಕಿತ್ತಾಟವಿಲ್ಲ. ಭಕ್ತರು ತೆಂಗಿನಕಾಯಿ ಮುಂದಿಟ್ಟರೂ ಮುಟ್ಟಲಿಲ್ಲ. ದಿನ ಕಳೆದಂತೆ ಅವುಗಳ ಪಕ್ಕೆಲುಬು ಕಾಣತೊಡಗಿದವು. ತಾಯಿ ಮಂಗಗಳ ಮೊಲೆ ಬತ್ತಿತು, ಮರಿಗಳು ಅದನ್ನೂ ಕೇಳಲಿಲ್ಲ. ತೋಟದಿಂದ ಫಕೀರವ್ವನಿಗೆ ಎಲ್ಲವೂ ಕಾಣುತ್ತಿತ್ತು. ಏನಾಗುತ್ತಿದೆ ಎಂದು ಇಡೀ ಊರಿನಲ್ಲಿ ತಿಳಿದಿದ್ದವಳು ಅವಳೊಬ್ಬಳೇ.

ಡಾಕ್ಟರ ಫೋನು ಬಂತು. "ಹೆಂಗದಾವ್ರಿ?"

"ಚಲೋ ಅದಾವ್ರಿ ಬಾಯಾರ," ಎಂದಳು ಅವಳು. "ಕುಂತಲ್ಲೇ ಕುಂತಾವ. ಪಾಪ, ಯಾರಿಗೂ ತ್ರಾಸಿಲ್ಲ."

ಹಣ್ಣು ಇಳಿಸುವುದು ಇನ್ನೂ ಅರ್ಧ ಉಳಿದಿತ್ತು. ಹಂಗಾಮು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಅವಳದು ಕೆಟ್ಟ ಮನಸ್ಸೆಂದು ಅನ್ನಲಾರೆ. ಆದರೆ ಒಳ್ಳೆಯ ಮನಸ್ಸೂ ಹಣ್ಣಿನ ಹಂಗಾಮಿನಲ್ಲಿ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿಯುತ್ತದೆ.

ಊರು ಸುಮ್ಮನಿರಲಿಲ್ಲ. ತಿನ್ನದೆ ಕೂತ ಮಂಗವನ್ನು ಯಾರು ಕಂಡಿದ್ದಾರೆ? ಗುಡಿಯ ಪೂಜಾರಿ ತಿರಕಪ್ಪಜ್ಜ ಕಣ್ಣಲ್ಲಿ ನೀರು ತಂದುಕೊಂಡು, "ಹಣಮಪ್ಪ ಉಪವಾಸ ಕುಂತಾನ. ನಮ್ಮ ಪಾಪಕ್ಕ ತಾನು ವ್ರತಾ ಹಿಡದಾನ" ಎಂದ. ಅಷ್ಟೇ ಸಾಕಾಯಿತು. ಸುತ್ತಲ ಹಳ್ಳಿಗಳಿಂದ ಜನ ಬಂದರು. ಹಿಂಡಿನ ಹಿರಿಯ ಗಡವ ಮಂಗವೊಂದು ಎಲ್ಲಕ್ಕಿಂತ ಮುಂದೆ ಕೂತಿತ್ತು. ಅದಕ್ಕೆ ಕುಂಕುಮ ಹಚ್ಚಿದರು, ಹಾರ ಹಾಕಿದರು. ಅದು ಕತ್ತು ಎತ್ತಲಾರದೆ ಹಾರದ ಭಾರಕ್ಕೆ ಮುಂದಕ್ಕೆ ಬಾಗಿತ್ತು. ನಮಸ್ಕಾರ ಸ್ವೀಕರಿಸಿತು ಎಂದರು.

ಶನಿವಾರ ತಿರಕಪ್ಪಜ್ಜ ಬಾಳೆಹಣ್ಣು, ಹಾಲು, ಸಕ್ಕರೆ ಕಲಸಿ ದೊಡ್ಡ ಪಾತ್ರೆಯ ತುಂಬ ಮಾಡಿದ. ಒಂದು ಸೌಟು ತೆಗೆದು ಗಡವನ ಬಾಯಿಗೆ ಸೋಕಿಸಿದ. ಅದು ನಾಲಿಗೆ ಚಾಚಿ ನೆಕ್ಕಿ, ಮುಖ ತಿರುಗಿಸಿತು. "ತಾ ಉಣ್ಣವಲ್ಲ, ನಮಗ ಉಣಸಾಕತ್ತಾನ!" ಎಂದು ಕೂಗಿದ ಅಜ್ಜ, ಆ ಸೌಟನ್ನು ಹಾಗೆಯೇ ಪಾತ್ರೆಯೊಳಗೆ ಅದ್ದಿ ತಿರುವಿದ. ದೊನ್ನೆ ದೊನ್ನೆ ಹಂಚಿದರು.

ಹಣ್ಣಿನ ಬುಟ್ಟಿ ಕಟ್ಟುವುದನ್ನು ಬಿಟ್ಟು ಫಕೀರವ್ವನೂ ಗಂಡ, ಮಗಳೊಡನೆ ಬಂದಿದ್ದಳು. ಇದು ವ್ರತವಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಹಣಮಪ್ಪನ ಹೊಟ್ಟೆಗೆ ಹೊಡೆದವಳು ಇವಳೇ ಎಂದು ಅದೇ ಜನ ತೋಟಕ್ಕೆ ಬೆಂಕಿ ಇಡುತ್ತಿದ್ದರು. ದೊನ್ನೆ ಕೈಗೆ ಬಂದಾಗ ಎಂಜಲು ಎಂಬ ಶಬ್ದ ಅವಳ ತಲೆಯೊಳಗೆ ಸುಳಿಯಲೇ ಇಲ್ಲ. ಕಣ್ಣಿಗೊತ್ತಿಕೊಂಡಳು.

ಲೀಲಿ ತನ್ನ ದೊನ್ನೆಯನ್ನು ನೆಕ್ಕಿ ಮುಗಿಸಿ ಸೆರಗು ಹಿಡಿದಿದ್ದಳು. "ಯವ್ವಾ, ಇನ್ನೊಂದೀಟು."

"ನುಂಗವ್ವಾ ನುಂಗು, ನನ್ನೂ ನುಂಗು," ಎಂದು ಫಕೀರವ್ವ ತನ್ನ ಪಾಲನ್ನೂ ಮಗಳ ಕೈಗೆ ಕೊಟ್ಟಳು.

ಗಡವ ಮಂಗ ಮರುವಾರ ಸತ್ತಿತು. ಕುರ್ಚಿ, ಶಾಲು, ಭಜನೆ, ಎಲ್ಲ ಆಯಿತು. ಕಟ್ಟೆಯ ಮೇಲಿದ್ದವು ಒಂದೊಂದಾಗಿ ಪಕ್ಕಕ್ಕೆ ವಾಲಿದವು. ಕಡೆಕಡೆಗೆ ಕುರ್ಚಿ ಸಾಲದೆ ಗಾಡಿಯಲ್ಲಿ ಒಯ್ದರು.

ಲೀಲಿ ತಿನ್ನಲು ಕೇಳುವುದನ್ನು ಬಿಟ್ಟಳು. ಮೊದಲು ಫಕೀರವ್ವನಿಗೆ ಹಾಯೆನಿಸಿತು, ಇದನ್ನು ಹೇಳಲೇಬೇಕು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಬುದ್ಧಿ ಬರುತ್ತಿದೆ ಎಂದುಕೊಂಡಳು. ಮುಂದೆ ಇಟ್ಟರೆ ಎರಡು ತುತ್ತು ತಿಂದು, "ಹೊಟ್ಟಿ ತುಂಬೇತಿ ಯವ್ವಾ" ಎಂದು ಏಳುತ್ತಿದ್ದಳು. ಮೈಲಾರಪ್ಪನೂ ಈಚೆಗೆ ರುಚಿಯಿಲ್ಲ ಎನ್ನುತ್ತಿದ್ದ. ಆದರೆ ಹೊತ್ತಾಯಿತೆಂದು ಕೂತು ಉಣ್ಣುತ್ತಿದ್ದ. ದೊಡ್ಡವರಿಗೆ ಹಸಿವಿಲ್ಲದಿದ್ದರೂ ರೂಢಿಯಿರುತ್ತದೆ. ಮಕ್ಕಳಿಗೆ ಇರುವುದು ಹಸಿವೊಂದೇ.

ತಿರಕಪ್ಪಜ್ಜನ ಮೊಮ್ಮಗ ಸತ್ತ ದಿನ ಅವಳಿಗೆ ತಿಳಿಯಿತು. ನಡೆಯಲು ಕಲಿತು ವರ್ಷವಾಗಿರದ ಕೂಸು. ತಿಂಗಳಿಂದ ಹಾಲು ಕೇಳಿರಲಿಲ್ಲ, ಅತ್ತಿರಲಿಲ್ಲ. ಎಂಥ ಶಾಂತ ಕೂಸು ಎಂದು ಮನೆಯವರು ಹೊಗಳುತ್ತಿದ್ದರಂತೆ. "ಹಣಮಪ್ಪ ತನ್ನ ಹಿಂದ ಕರಕೊಂಡ" ಎಂದು ಅಜ್ಜ ಎದೆ ಬಡಿದುಕೊಳ್ಳುತ್ತಿದ್ದ. ಫಕೀರವ್ವ ಮನೆಗೆ ಓಡಿ ಬಂದು ಮಗಳ ಅಂಗಿ ಬಿಚ್ಚಿ ನೋಡಿದಳು. ಪಕ್ಕೆಲುಬುಗಳು ಕಂಡವು.

ಪ್ರಯೋಗಾಲಯದಲ್ಲಿ ಲೀಲಿಯ ರಕ್ತ ತೆಗೆದು, ಪರದೆಯ ಮೇಲೆ ಏನೇನೋ ನೋಡಿ, ಡಾಕ್ಟರು ಫಕೀರವ್ವನ ಕಡೆ ತಿರುಗಿದರು.

"ನೀವಾ ಹೇಳಿದ್ರಲ್ಲ ಫಕೀರವ್ವಾರ, ಎಂಜಲಾ ಯಾರೂ ತಿನ್ನಂಗಿಲ್ಲಂತ!"

"ಎಂಜಲಾ ತಿಂದಿಲ್ರಿ ಬಾಯಾರ," ಎಂದಳು ಫಕೀರವ್ವ. "ಪ್ರಸಾದ ತಿಂದೇವ್ರಿ."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಕೋತಿ ತಿಂದಿರಲೂ ಇಲ್ಲ. ಯಾರ ಬಾಯಿಗೆ ಒರೆಸುವುದೆಂದು ಇಬ್ಬರೂ ಹುಡುಕುತ್ತಿದ್ದಂತೆ ಕಂಡಿತು.

ಡಾಕ್ಟರು ಕೊನೆಗೆ ನಿಜ ಹೇಳಿದರು. ಜೀವಿಯನ್ನು ಕೊಲ್ಲುವ ಮಾತ್ರೆ ಇದೆ, ಊರಿಗೆಲ್ಲ ಹಂಚುತ್ತೇವೆ. ಆದರೆ ಹೊಟ್ಟೆಯಿಂದ ಮಿದುಳಿಗೆ ಸುದ್ದಿ ಹೋಗುವ ದಾರಿ ಒಣಗಿಬಿಟ್ಟಿದೆ. ಅದು ಮತ್ತೆ ಚಿಗುರುತ್ತದೋ ಇಲ್ಲವೋ ಗೊತ್ತಿಲ್ಲ. ಮಂಗಗಳಲ್ಲಿ ಚಿಗುರಿಲ್ಲ.

"ಮತ್ತ ಇಲ್ಲಿ ಪಂಜರದಾಗಿನವು ಹೆಂಗ ಬದುಕ್ಯಾವು?"

ಡಾಕ್ಟರು ತಲೆ ತಗ್ಗಿಸಿದರು. "ಗಂಟಿ. ಗಂಟಿ ಬಾರಿಸಿದಾಗ ತಿಂತಿದ್ವು. ಹಸಿವು ಅಷ್ಟಿಷ್ಟು ಉಳದೈತಿ ಅಂತ ನಾವು ತಿಳಕೊಂಡ್ವಿ. ಉಳದಿದ್ದು ಗಂಟಿ ರೂಢಿ ಅಷ್ಟ. ಆಲದ ಮರದಾಗ ಗಂಟಿ ಬಾರಸಾವರು ಯಾರಿದ್ರು?" ಮಾತ್ರೆ ಕೈಗಿಡುತ್ತ ಮತ್ತೊಂದು ಮಾತು ಸೇರಿಸಿದರು. "ನೀವೂ ಗಂಟಿ ಬಾರಸ್ರಿ, ಹೊತ್ತೊತ್ತಿಗೆ ಉಣಸ್ರಿ. ಇನ್ನ ಒಂದು. ಮಾತ್ರಿ ತಗೊಂಡ್ರೂ ಬಾಯಾಗ ಅದು ವರ್ಷಗಟ್ಟಲೆ ಉಳೀಬಹುದು. ಈಕಿ ಕಚ್ಚಿದ್ದು ಯಾರಿಗೂ ಕೊಡಬ್ಯಾಡ್ರಿ. ದನಕ್ಕ, ನಾಯಿಗೆ, ಯಾವುದಕ್ಕೂ."

ಫಕೀರವ್ವ ಹಿತ್ತಾಳೆ ಗಂಟೆ ತಂದಳು. ಕೆಲವು ದಿನ ಲೀಲಿ ಗಂಟೆಗೆ ಬಂದು ಕೂತು, ಹೇಳಿದಷ್ಟು ತಿಂದಳು. ತುಂಬಿದ ಹೊಟ್ಟೆಯ ಮೇಲೆ ದಿನವೂ ತುತ್ತು ಇಳಿಸುವುದು ಎಂಥದ್ದೆಂದು ನಾವು ಮದುವೆ ಮನೆಯಲ್ಲಿ ಒಮ್ಮೆ ಬಲವಂತಕ್ಕೆ ಸಿಕ್ಕಾಗ ತಿಳಿಯುತ್ತದೆ. ಆ ಹುಡುಗಿಗೆ ಪ್ರತಿ ಹೊತ್ತೂ ಅದೇ. ವಾಂತಿ ಶುರುವಾಯಿತು. ಆಮೇಲೆ ಗಂಟೆಯ ಸಪ್ಪಳ ಕೇಳಿದರೆ ಅವಳು ಕಣಜದ ಹಿಂದೆ ಅಡಗಿಕೊಳ್ಳತೊಡಗಿದಳು. ಮೈಲಾರಪ್ಪ ಎಳೆದು ತಂದು ಕಾಲು ಅದುಮಿ ಹಿಡಿಯುತ್ತಿದ್ದ. ಫಕೀರವ್ವ ಮೂಗು ಹಿಡಿದು, ಬಾಯಿ ತೆರೆದಾಗ ಗಂಜಿ ಸುರಿಯುತ್ತಿದ್ದಳು. ಅರ್ಧ ಒಳಗೆ, ಅರ್ಧ ಹೊರಗೆ. ಒಮ್ಮೆ ಉಗುಳಿದಳೆಂದು ಸೌಟಿನಿಂದ ಹೊಡೆದುಬಿಟ್ಟಳು. ತುಟಿ ಒಡೆಯಿತು.

"ಯವ್ವಾ, ನಾ ಏನ ತಪ್ಪ ಮಾಡೇನಿ?" ಎಂದು ಕೇಳಿದಳು ಹುಡುಗಿ.

ಫಕೀರವ್ವ ಸೌಟು ಬಿಸುಟು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ತನ್ನ ದೊನ್ನೆಯನ್ನು ಮಗಳಿಗೆ ಕೊಟ್ಟಿದ್ದರಿಂದ ಮನೆಯಲ್ಲಿ ಹಸಿವು ಉಳಿದಿದ್ದದ್ದು ಅವಳೊಬ್ಬಳಿಗೇ. ಅಳುವಾಗಲೂ ಅವಳ ಹೊಟ್ಟೆ ಚುರುಗುಟ್ಟುತ್ತಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮುಂದಿನ ಹಂಗಾಮಿಗೆ ಖಾಲಿ ಆಲದ ಮರಕ್ಕೆ ಎಲ್ಲಿಂದಲೋ ಹೊಸ ಹಿಂಡು ಬಂತು. ಮೈತುಂಬಿದ, ಗಲಾಟೆಯ, ಹಸಿದ ಮಂಗಗಳು. ಬಂದ ದಿನವೇ ಬೇಲಿ ಹಾರಿದವು. ಮೈಲಾರಪ್ಪ ಕವಣೆಗೆ ಕೈ ಹಾಕಿದ.

"ತಡೀರಿ," ಎಂದಳು ಫಕೀರವ್ವ.

ತೋಟದ ಬದುವಿನ ಮೇಲೆ ಕೂತಿದ್ದ ಲೀಲಿ ನಗುತ್ತಿದ್ದಳು. ಆ ನಗು ಕೇಳಿ ವರ್ಷವಾಗಿತ್ತು. ಒಂದು ಮರಿ ಮಂಗ ಎರಡು ದವಡೆಯಲ್ಲೂ ಪೇರಲ ತುರುಕಿಕೊಂಡು, ಸಾಲದೆ ಮೂರನೆಯದಕ್ಕೆ ಬಾಯಿ ಹಾಕಿ, ಸಿಕ್ಕಿಹಾಕಿಕೊಂಡು ಕಣ್ಣು ಬಿಡುತ್ತಿತ್ತು. ಲೀಲಿ ನಕ್ಕು ನಕ್ಕು, ಅದನ್ನು ಅಣಕಿಸಲೆಂದು ಬಿದ್ದ ಹಣ್ಣೊಂದನ್ನು ಎತ್ತಿ ತಾನೂ ಕಚ್ಚಿದಳು. ಅಗಿದಳು. ನುಂಗಿದಳು.

ಅಂದಿನಿಂದ ಫಕೀರವ್ವ ದಿನಾ ಬೆಳಿಗ್ಗೆ ಒಳ್ಳೊಳ್ಳೆಯ ಹಣ್ಣನ್ನೇ ಆರಿಸಿ ಬುಟ್ಟಿ ತುಂಬಿ ಬದುವಿನ ಮೇಲಿಡತೊಡಗಿದಳು. ರೊಟ್ಟಿ, ಶೇಂಗಾ, ಬೆಲ್ಲವನ್ನೂ ಇಟ್ಟಳು. ಬುಟ್ಟಿಯ ಆಚೆ ಮರಿ, ಈಚೆ ಲೀಲಿ. "ನೋಡವ್ವಾ, ಅದು ಹೆಂಗ ತಿಂತೈತಿ ನೋಡು. ಹಂಗ ತಿನ್ನು." ಅದು ಒಂದು ಕಚ್ಚಿದರೆ ಇವಳೊಂದು ಕಚ್ಚುವುದು. ಆಟ. ಮರಿಗೆ ಲೀಲಿ ಬಕ್ಕ್ಯಾ ಎಂದು ಹೆಸರಿಟ್ಟಳು. ಹುಡುಗಿಯ ಕೆನ್ನೆಯ ಗುಳಿ ತುಂಬಿಕೊಂಡಿತು. ಗಂಟೆ ಅಟ್ಟ ಸೇರಿತು. ಪಕ್ಕದ ಹೊಲದವರು, ಮಂಗ್ಯಾಗೋಳನ್ನ ಕರದು ಉಣಸ್ತಾಳ, ಇಕಿಗೆ ಹುಚ್ಚು ಹಿಡದೈತಿ ಎಂದು ಬೈದು ಹೋದರು. ತೋಟವೆಲ್ಲ ಹೋದರೆ ಹೋಗಲಿ ಎಂದಳು ಫಕೀರವ್ವ. ಆ ಮಾತನ್ನು ಅವಳು ಮನಸ್ಸಿನಿಂದಲೇ ಆಡಿದಳು.

ಒಂದು ದಿನ ಅವಳು ಬಾವಿಕಟ್ಟೆಯಿಂದ ನೋಡುತ್ತಿದ್ದಳು. ಲೀಲಿ ದೊಡ್ಡ ಪೇರಲವೊಂದನ್ನು ಕಚ್ಚಿ, ಉಳಿದರ್ಧವನ್ನು ಮುಂದಕ್ಕೆ ಚಾಚಿದಳು. ಬಕ್ಕ್ಯಾ ಅವಳ ಕೈಯಿಂದ ಕಸಿದುಕೊಂಡು ತಿಂದಿತು. ಹುಡುಗಿ ಕಿಲಕಿಲ ನಕ್ಕು ಇನ್ನೊಂದು ಹಣ್ಣಿಗೆ ಕೈ ಹಾಕಿದಳು. ತಾನಾಗಿಯೇ, ಯಾರೂ ಹೇಳದೆ. ಫಕೀರವ್ವ ಎರಡೂ ಕೈ ಎತ್ತಿ ಗುಡಿಯ ಕಡೆ ಮುಗಿದಳು. ಡಾಕ್ಟರ ಮಾತು ಅವಳಿಗೆ ನೆನಪಾಗಲಿಲ್ಲ. ಮಗಳು ತಿನ್ನುತ್ತಿದ್ದುದನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಆಗ ಅವಳಿಗೆ ಕಾಣುತ್ತಿರಲಿಲ್ಲ.

ವಾರ ಕಳೆಯಿತು. ಆ ಬೆಳಿಗ್ಗೆ ಬಕ್ಕ್ಯಾ ಎಂದಿನಂತೆ ಬಂದು ಬುಟ್ಟಿಯ ಮುಂದೆ ಕೂತಿತು. ಹಣ್ಣು ಮೂಸಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ದೂರ ಎಲ್ಲೋ ನೋಡುತ್ತ ಕೂತಿತು. ಹಿಂದೆ ಬೇಲಿಯ ಮೇಲೆ ಅದರ ತಾಯಿಯೂ ಹಾಗೆಯೇ ಕೂತಿತ್ತು.

ಲೀಲಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೈಯಲ್ಲಿದ್ದ ಪೇರಲವನ್ನು ಬುಟ್ಟಿಗೆ ಇಟ್ಟಳು. "ಯವ್ವಾ, ಅದೂ ಉಪವಾಸ ಕುಂತೈತಿ."

ಫಕೀರವ್ವನಿಗೆ ಆಗ ಎಲ್ಲ ನೆನಪಾಯಿತು. ಓಡಿ ಬಂದು ಮೊಣಕಾಲೂರಿ ಒಂದು ಹಣ್ಣು ಒಡೆದು ಮರಿಯ ಬಾಯಿಗೆ ಹಿಡಿದಳು. "ತಿನ್ನೋ ನಮ್ಮಪ್ಪಾ, ತಿನ್ನೋ. ನಿನ್ನ ಕಾಲ ಬೀಳತೇನಿ, ಒಂದ ತುತ್ತು ತಿನ್ನೋ." ಅದು ನಾಲಿಗೆ ಚಾಚಿ ನೆಕ್ಕಿ, ಮುಖ ತಿರುಗಿಸಿತು.

ಅವಳು ಮರಿಯನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಎರಡು ಕೈಯಲ್ಲೂ ಪೇರಲ ಹಿಡಿದು ಬಾಯಿಗೆ ತುರುಕಿಕೊಂಡಳು. ಎರಡು ದವಡೆ ತುಂಬಿದ ಮೇಲೆ ಮೂರನೆಯದನ್ನೂ ತುರುಕಿದಳು. ಕಣ್ಣು ಹಿರಿದು ಮಾಡಿದಳು, ಮೈ ಕೆರೆದುಕೊಂಡಳು, ಗುರ್ ಎಂದಳು. ರಸ ಗದ್ದಕ್ಕಿಳಿದು ಕುತ್ತಿಗೆಯ ತಾಳಿಯ ಮೇಲೆ ಸುರಿಯಿತು. ನಗಲಿ, ಒಂದೇ ಒಂದು ಸಲ ನಗಲಿ, ಅಣಕಿಸಲಿಕ್ಕಾದರೂ ಕಚ್ಚಲಿ ಎಂದು ಮಗಳ ಮುಖವನ್ನೇ ನೋಡುತ್ತ ತಿಂದಳು.

ಲೀಲಿ ನಗಲಿಲ್ಲ. ತಾಯಿಯ ಗದ್ದವನ್ನು ತನ್ನ ಅಂಗಿಯ ತುದಿಯಿಂದ ಒರೆಸಿದಳು.

"ಅಷ್ಟ್ಯಾಕ ತಿಂತೀ ಯವ್ವಾ," ಎಂದಳು. "ಹೊಟ್ಟಿ ತುಂಬೇತಲ್ಲ."